ಹುಸಿಹೋದ ಕೋವಿ

ಮೊದಲ ರೋಗಿಯ ಬಾಯೊಳಗೆ ಕನ್ನಡಿ ಇಟ್ಟು ಬಗ್ಗಿದ್ದಾಗಲೇ ಹಲ್ಲಿನ ಡಾಕ್ಟರಿಗೆ ಹೊರಗಿನ ಬೆಂಚಿನ ಮೇಲೆ ಯಾರು ಕುಳಿತಿದ್ದಾರೆಂಬುದು ಗೊತ್ತಿತ್ತು. ಸಿಸ್ಟರ್ ಬಾಗಿಲು ತೆಗೆದು ಒಳಗೆ ಬಂದ ಅರೆಗಳಿಗೆಯಲ್ಲಿ ಅವನಿಗೆ ಕಂಡದ್ದು ಬೂದು ಬಣ್ಣದ ಶಾಲು ಮತ್ತು ಕೆನ್ನೆಗೆ ಒತ್ತಿಕೊಂಡ ಅಂಗೈ, ಅಷ್ಟೇ. ಆದರೆ ಅದೇ ಶಾಲನ್ನು ಕಳೆದ ವಾರ ಗ್ರಂಥಾಲಯದ ಹಜಾರದಲ್ಲಿ ಹಿಂದಿನಿಂದ ಬಹಳ ಹೊತ್ತು ನೋಡಿದ್ದ. ಅಲ್ಲಿ ಅವನ ಹಳೆಯ ಕೋವಿಗಳ ಪ್ರದರ್ಶನ ನಡೆದಿತ್ತು. ಉಳಿದವರು ಗಾಜಿನ ಪೆಟ್ಟಿಗೆಗಳ ಮುಂದೆ ತರಕಾರಿ ಅಂಗಡಿಯೆದುರು ಸುಮ್ಮನೆ ಸುಳಿದಾಡುವವರಂತೆ ಹಾದುಹೋಗುತ್ತಿದ್ದರೆ ಈಕೆ ಒಂದೇ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದಳು. ಕೆಳಗಿಟ್ಟಿದ್ದ ಚೀಟಿಯನ್ನು ಓದುತ್ತಿರಲಿಲ್ಲ. ಕೋವಿಯ ಮರದ ಹಿಡಿ ಸೀಳಿದ್ದಲ್ಲಿ ಯಾರೋ ಹಿಂದೊಮ್ಮೆ ಸುತ್ತಿನ ಪಕ್ಕಕ್ಕೆ ಸುತ್ತು ಕೂರಿಸಿ ಬಿಗಿದಿದ್ದ ತಾಮ್ರದ ತಂತಿಯನ್ನು ನೋಡುತ್ತಿದ್ದಳು. ಬಂದವರಿಗೆ ವಿವರಿಸಲೆಂದು ಅವನು ಹೊಸ ಷರಟು ಹಾಕಿಕೊಂಡು ಅಲ್ಲೇ ನಿಂತಿದ್ದ. ಆಕೆ ತಲೆಯೆತ್ತಿ ಯಾರನ್ನೋ ಹುಡುಕುವಂತೆ ಸುತ್ತ ನೋಡಿದಾಗ, ಏಕೆಂದು ತನಗೇ ಹೇಳಿಕೊಳ್ಳದೆ, ಪುಸ್ತಕದ ಕಪಾಟುಗಳ ಹಿಂದೆ ಸರಿದು ಹಿಂಬಾಗಿಲಿನಿಂದ ಹೊರಬಿದ್ದಿದ್ದ. ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು, ಬಿಗಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಿದ್ದ. ಈಗ ಕುರ್ಚಿಯಲ್ಲಿದ್ದ ರೋಗಿ ಗಂಟಲಲ್ಲೇ ಏನೋ ಗುರುಗುಟ್ಟಿದ. ಅವನ ನಾಲಿಗೆಯನ್ನು ಕನ್ನಡಿಯಿಂದ ಬೇಕಾದ್ದಕ್ಕಿಂತ ಬಲವಾಗಿ ಒತ್ತಿಹಿಡಿದಿರುವುದು ಆಗ ಗಮನಕ್ಕೆ ಬಂತು.

ಚೀಟಿಯ ಮೇಲೆ ಅವನದೇ ಮುತ್ತಿನಂಥ ಅಕ್ಷರ: ‘ಗೋಣಿ ಗಿರಣಿಯ ಬಾಗಿಲಲ್ಲಿ ಸಿಡಿದ ಕೋವಿ.’ ಅವನು ಈ ಊರಿಗೆ ಬಂದದ್ದು ಗಿರಣಿಯ ಗಲಾಟೆಯಾಗಿ ಎಷ್ಟೋ ವರ್ಷಗಳ ಮೇಲೆ, ಆದರೆ ಆ ದಿನದ ಕಥೆ ಇಲ್ಲಿನ ಹಿರಿಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದನೆಂದರೆ ಅವನಿಗೆ ಈಗ ಅದು ಕಂಡದ್ದೇ ಆಗಿತ್ತು. ಗಿರಣಿಯ ಬಾಗಿಲು ಹಾಕಿತ್ತು, ಹೊರಗೆ ಕೆಲಸಗಾರರ ಗುಂಪು ಕೂಗುತ್ತಿತ್ತು, ಒಳಗೆ ಇಬ್ಬರು ಕಾವಲುಗಾರರು, ಇಬ್ಬರ ಕೈಯಲ್ಲೂ ಗಿರಣಿಯ ಕೋವಿ. ಗುಂಡು ಹಾರಿತು, ಮೂಟೆ ಹೊರುವ ಯುವಕನೊಬ್ಬ ಸತ್ತ. ಕಾವಲುಗಾರರಲ್ಲಿ ಒಬ್ಬ ಕತ್ತಲಾಗುವ ಮೊದಲೇ ಊರು ಬಿಟ್ಟ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನೊಬ್ಬ ಓಡಲಿಲ್ಲ. ಕೋವಿಯ ಕುದುರೆ ಎಳೆದದ್ದು ನಿಜ, ಆದರೆ ನನ್ನ ಕೋವಿ ಹುಸಿಹೋಯಿತು, ಎಂದ. ವಿಚಾರಣೆಯಲ್ಲಿ ಕೋವಿಗಳನ್ನು ತನ್ನಿ ಎಂದಾಗ ಗಿರಣಿಯ ಧಣಿ, ಗಲಾಟೆಯಲ್ಲಿ ಕಳೆದುಹೋದವು ಎಂದ. ಕೋವಿಯಿಲ್ಲದೆ ಮೊಕದ್ದಮೆ ನಿಲ್ಲಲಿಲ್ಲ, ಕಾವಲುಗಾರ ಮನೆಗೆ ಬಂದ. ಕೋರ್ಟು ಬಿಟ್ಟರೂ ಓಣಿ ಬಿಡಬೇಕಲ್ಲ. ‘ಹುಸಿಹೋಯಿತು’ ಎಂಬ ಅವನ ಮಾತನ್ನೇ ಹಿಡಿದು ಜನ ಅವನಿಗೆ ಹುಸಿ ಎಂದು ಹೆಸರಿಟ್ಟರು. ಸಿಡಿಯದ ಕೋವಿಗೂ ಸುಳ್ಳು ಮಾತಿಗೂ ಒಂದೇ ಪದವಿರುವ ಭಾಷೆಯಲ್ಲಿ ಅದಕ್ಕಿಂತ ಅಗ್ಗದ ತಮಾಷೆ ಇನ್ನೊಂದು ಸಿಕ್ಕುವಂತಿರಲಿಲ್ಲ.

ಕೋವಿಗಳಲ್ಲಿ ಒಂದಂತೂ ಕಳೆದಿರಲಿಲ್ಲ. ಧಣಿಯ ಮೊಮ್ಮಗ ಕಳೆದ ವರ್ಷ ಹಳೆಯ ಮನೆ ಖಾಲಿ ಮಾಡುವಾಗ ಬೀಗ ಒಡೆದು ತೆಗೆದ ಪೆಟ್ಟಿಗೆಯ ತಳದಲ್ಲಿ, ಎಣ್ಣೆಬಟ್ಟೆ ಸುತ್ತಿಕೊಂಡು, ಅದು ಮಲಗಿತ್ತು. ಗಲಾಟೆಯ ದಿನ ಸಂಜೆಯೇ ಅಜ್ಜ ಅದನ್ನು ಒಳಗಿಟ್ಟು ಬೀಗ ಹಾಕಿದ, ಬೀಗದ ಕೈಯನ್ನು ಅಜ್ಜಿಗೂ ಕೊಡಲಿಲ್ಲ, ಎಂದು ಮೊಮ್ಮಗ ನಗುತ್ತ ಹೇಳಿದ್ದ. ಹಲ್ಲಿನ ಡಾಕ್ಟರು ಹಳೆಯ ಕೋವಿ ಕೂಡಿಡುತ್ತಾರೆಂಬುದು ಊರಿಗೇ ಗೊತ್ತಿದ್ದದ್ದರಿಂದ ಅದು ನೇರವಾಗಿ ಅವನ ಬಳಿಗೇ ಬಂತು. ಅವನು ಅದನ್ನು ಮುಟ್ಟುವ ಮೊದಲೇ ಅದರ ಕಥೆ ಅವನನ್ನು ಮುಟ್ಟಿತ್ತು. ತಿಂಗಳಿಗೊಮ್ಮೆ ಸೇರುವ ಹವ್ಯಾಸಿಗಳ ಕೂಟದಲ್ಲಿ ಹಿರಿಯನೊಬ್ಬನನ್ನು ಎಲ್ಲರೂ ಕರ್ನಲ್ ಎನ್ನುತ್ತಿದ್ದರು. ಅವನು ಜೀವಮಾನವೆಲ್ಲ ಸಿಮೆಂಟು ಮಾರಿದವನು, ಸಮವಸ್ತ್ರ ಹಾಕಿದ್ದು ಶಾಲೆಯಲ್ಲಿ ಮಾತ್ರ. ಆದರೆ ಅವನ ಬಳಿ ಯುದ್ಧ ಕಂಡ ಕೋವಿಗಳಿದ್ದವು, ಒಂದೊಂದಕ್ಕೂ ಒಂದೊಂದು ಹೆಣ. ಹಲ್ಲಿನ ಡಾಕ್ಟರ ಬಳಿ ಇದ್ದವು ಹೊಲ ಕಾಯುವವರ, ಹಕ್ಕಿ ಹೊಡೆಯುವವರ ಕೋವಿಗಳು, ಚೆನ್ನಾಗಿ ಉಜ್ಜಿ ಎಣ್ಣೆ ಹಚ್ಚಿದವು. ಅವನು ಬಾಯಿ ತೆರೆದರೆ ಸಾಕು, ಹಲ್ಲುಪುಡಿ ಮಾತಾಡ್ತಾರೆ ಕೇಳ್ರಪ್ಪ, ಎನ್ನುತ್ತಿದ್ದ ಕರ್ನಲ್. ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರಲ್ಲ, ಹಾಗೆ ಇವರ ಕೋವಿಗೆ ಕಥೆ ಇಲ್ಲ. ಎಲ್ಲರೂ ನಕ್ಕಾಗ ಅವನೂ ನಗುತ್ತಿದ್ದ, ಎಲ್ಲರಿಗಿಂತ ತುಸು ಹೆಚ್ಚು ಹೊತ್ತು. ತಂತಿ ಸುತ್ತಿದ ಕೋವಿಯನ್ನು ಮೇಜಿನ ಮೇಲಿಟ್ಟ ದಿನ ಕರ್ನಲ್ ಎದ್ದು ನಿಂತು, ಎರಡೂ ಕೈಯಲ್ಲಿ ಎತ್ತಿ, ಒಬ್ಬನನ್ನು ತಿಂದ ಕೋವಿಗೆ ಒಂದು ತೂಕ ಇರುತ್ತೆ ನೋಡಿ, ಎಂದಿದ್ದ. ಅವತ್ತಿನಿಂದ ಯಾರೂ ಹಲ್ಲುಪುಡಿ ಎನ್ನಲಿಲ್ಲ. ಆ ತೂಕದ ಬಗ್ಗೆ ತನಗೆ ಗೊತ್ತಿದ್ದದ್ದನ್ನು ಅವನು ಅವತ್ತು ಹೇಳಬಹುದಿತ್ತು. ಹೇಳದೆ, ಬಿಸಿಯಾಗಿದ್ದ ಲೋಟವನ್ನು ಕೈಯಿಂದ ಕೈಗೆ ಬದಲಿಸುತ್ತ ಕುಳಿತಿದ್ದ.

‘ಸರ್, ಮುಂದಿನವರನ್ನು ಕಳಿಸಲಾ?’ ಎಂದಳು ಸಿಸ್ಟರ್. ಮೊದಲ ರೋಗಿ ಹೋಗಿ ಆಗಲೇ ಕುರ್ಚಿ ಒರೆಸಿ ಆಗಿತ್ತು.

ಆಕೆ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದಳು. ಐವತ್ತು ದಾಟಿದ ಹೆಂಗಸು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿ ಗಡುಸಾದ ಚರ್ಮ. ಬಾಯಿ ತೆರೆದಾಗ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಕಚ್ಚು ಕಾಣಿಸಿತು. ದಾರ ಕಚ್ಚಿ ಕತ್ತರಿಸುವ ದರ್ಜಿಗಳಿಗೆ ಬರುವಂಥದ್ದು. ಹೊಲಿಗೆ ಮಾಡ್ತೀರಾ, ಎಂದು ಕೇಳಿದ. ಕೇಳಿದ ಮೇಲೆ ತಾನು ಮಾತು ಬೆಳೆಸುತ್ತಿರುವುದು ಆಕೆ ಬೇರೆ ಮಾತೆತ್ತದಿರಲಿ ಎಂದೇ ಅನ್ನಿಸಿತು. ಆಕೆ ಹೌದೆಂದು ಕಣ್ಣು ಮುಚ್ಚಿ ತೆರೆದಳು. ನೋವಿದ್ದದ್ದು ಕೆಳಗಿನ ದವಡೆಯ ಕೊನೆಯ ಹಲ್ಲಿಗೆ. ಮೇಲೆ ನೋಡಿದರೆ ಹಲ್ಲು ಹಲ್ಲಿನಂತೆಯೇ ಇತ್ತು. ಕಡ್ಡಿ ಆಡಿಸಿದರೆ ಒಳಗೆಲ್ಲ ಟೊಳ್ಳು. ಕೀಳಬೇಕಾಗುತ್ತದೆ ಎಂದ. ಕೀಳಿ, ಎಂದಳು, ಬಟ್ಟೆಗೆ ಹಾಕಿದ ತಪ್ಪು ಹೊಲಿಗೆಯ ಬಗ್ಗೆ ಹೇಳುವ ದನಿಯಲ್ಲಿ. ಮರಗಟ್ಟುವ ಸೂಜಿ ಚುಚ್ಚಿ, ಔಷಧ ಹಿಡಿಯುವ ತನಕ ಕಾಯಲು ಅವನು ಕೈಗವಸನ್ನು ಸರಿಮಾಡಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದ. ಬೇರೆ ದಿನಗಳಲ್ಲಾದರೆ ಈ ಹೊತ್ತಿನಲ್ಲಿ ಪಕ್ಕದ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಹಲ್ಲಿನ ಅಚ್ಚುಗಳ ನಡುವೆ ಯಾವುದಾದರೂ ಕೋವಿಯ ಬಿಚ್ಚಿದ ಭಾಗಗಳು ಎಣ್ಣೆಯಲ್ಲಿ ನೆನೆಯುತ್ತಿರುತ್ತಿದ್ದವು. ಇವತ್ತು ಆ ಬಾಗಿಲು ತೆರೆಯಲು ಮನಸ್ಸಾಗಲಿಲ್ಲ.

‘ಡಾಕ್ಟ್ರೇ, ಮರಗಟ್ಟೋ ಮುಂಚೆ ಒಂದು ಮಾತು,’ ಎಂದಳು ಆಕೆ ಹಿಂದಿನಿಂದ. ‘ಆಮೇಲೆ ನನ್ನ ಬಾಯಿ ನನ್ನ ಮಾತೇ ಕೇಳಲ್ಲ.’

ಅವನು ತಿರುಗಲಿಲ್ಲ. ಆ ತಂತಿ ಸುತ್ತಿದ್ದು ತನ್ನ ಅಪ್ಪ, ಇಕ್ಕಳದ ಒಂದು ತುದಿ ಹಿಡಿದವಳು ತಾನು, ಆಗ ತನಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು, ಎಂದು ಆಕೆ ಹೇಳಿದಳು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ತಾನು ಹಾಜರ್ ಎಂದರೆ ಹಿಂದಿನ ಬೆಂಚಿನಿಂದ ಹುಸಿ ಎಂಬ ಕೂಗು ಬರುತ್ತಿತ್ತಂತೆ. ಬಂದಿದ್ದರೂ ಬಂದಿಲ್ಲ ಎಂಬಂತೆ. ಅದನ್ನು ಹೇಳುತ್ತ ನಕ್ಕಳು. ಅಪ್ಪ ಬದುಕಿದ್ದಾರೆ, ಹಾಸಿಗೆ ಬಿಟ್ಟು ಏಳುವುದು ಕಡಿಮೆ. ಇಷ್ಟು ವರ್ಷ ಯಾರು ಏನಂದರೂ ಅವರದ್ದು ಒಂದೇ ಮಾತಿತ್ತು, ಕೋವಿ ಹುಸಿಹೋಯಿತು. ಅಮ್ಮ ಸತ್ತ ಮೇಲೆ ಆ ಮಾತು ನಿಂತಿತು. ಆಮೇಲೆ ಕಿಟಕಿಯ ಪಕ್ಕ ಕುಳಿತು ಹೊಸದೊಂದು ಶುರುಮಾಡಿದರು. ಹಾಲಿನವನು ಬರಲಿ, ಅಂಚೆಯವನು ಬರಲಿ, ಕರೆದು, ನಾನೇ ಕಣಪ್ಪ ಕೊಂದದ್ದು, ಅನ್ನುತ್ತಾರೆ. ಊಟ ಬಿಟ್ಟಿದ್ದಾರೆ. ಇಬ್ಬರೂ ಒಟ್ಟಿಗೆ ಕುದುರೆ ಎಳೆದದ್ದು, ಹೊಗೆ ಎದ್ದದ್ದು, ಯಾರದ್ದು ಹಾರಿತೋ ನನಗೇನು ಗೊತ್ತು, ಇಷ್ಟು ಜನ ಹೇಳುವುದು ಸುಳ್ಳಾಗುತ್ತಾ, ಎಂದು ತಮಗೇ ವಾದಿಸುತ್ತಾರೆ.

‘ಊರೆಲ್ಲ ಹುಸಿ ಅಂದಾಗ ಒಬ್ಬರೇ ನಿಂತಿದ್ರು, ಡಾಕ್ಟ್ರೇ. ಈಗ ಊರು ಮರ್ತಿದೆ. ಇವರು ಹೋಗಿ ಊರಿನ ಕಡೆ ಸೇರ್ಕೊಂಡ್ರು.’

ಬಾಯಿ ಆಗಲೇ ಒಂದು ಬದಿಗೆ ಸೊಟ್ಟಗಾಗುತ್ತಿತ್ತು. ಆಕೆ ಕೆನ್ನೆಯನ್ನು ಬೆರಳಿಂದ ಒತ್ತಿ ನೋಡಿಕೊಂಡು, ಹೊತ್ತು ಮೀರುವ ಮೊದಲು ಮುಗಿಸುವವಳಂತೆ ಬೇಗ ಬೇಗ ಹೇಳಿದಳು.

‘ನೀವು ಕೋವಿ ಗೊತ್ತಿರೋರು. ನೀವು ಹೇಳಿದ್ರೆ ನಂಬ್ತಾರೆ. ಸುಳ್ಳು ಹೇಳೋ ಜನ ಅಲ್ಲ ನೀವು, ಮುಖ ನೋಡಿದ್ರೇ ಗೊತ್ತಾಗುತ್ತೆ. ಆದ್ರೂ ಒಂದೇ ಒಂದು ಸುಳ್ಳು ಹೇಳ್ಬೇಕು. ಕೋವಿ ಬಿಚ್ಚಿ ನೋಡ್ದೆ, ನಳಿಗೆ ಒಳಗೆ ಮದ್ದು ತುಂಬಿದ್ದು ತುಂಬಿದ ಹಾಗೇ ಇತ್ತು, ಅಂತ. ಅಷ್ಟೇ. ಗ್ರಂಥಾಲಯದ ಆ ಚೀಟಿ ಹಾಗೇ ಇರ್ಲಿ, ಅದನ್ನ ತಿದ್ದಿ ಅಂತ ಕೇಳಲ್ಲ.’

ಕಿಟಕಿಯ ಆಚೆ ಎದುರಿನ ಬಣ್ಣದ ಅಂಗಡಿಯ ಸಣ್ಣ ಅಕ್ಷರದ ಫಲಕ ಕಾಣುತ್ತಿತ್ತು. ಅದನ್ನು ಓದಲು ಅವನು ಪ್ರಯತ್ನಿಸಿದ. ಕೋವಿ ತಂದ ದಿನ ಮೊದಲು ಮಾಡಿದ್ದು ಎಲ್ಲ ಹವ್ಯಾಸಿಗಳೂ ಮಾಡುವುದನ್ನೇ: ನಳಿಗೆಯೊಳಗೆ ಗಜದ ಕೋಲು ಇಳಿಸಿ, ಬಾಯಿಯ ಬಳಿ ಹೆಬ್ಬೆರಳಿಟ್ಟು ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಮೇಲೆ ಇಟ್ಟು ಅಳೆದದ್ದು. ಖಾಲಿ ಕೋವಿಯಾದರೆ ಕೋಲು ಬುಡದ ತನಕ ಮುಟ್ಟಬೇಕು. ಇದು ನಾಲ್ಕು ಬೆರಳು ಮೊದಲೇ ನಿಂತಿತ್ತು. ಒಳಗೆ ಏನೋ ಇತ್ತು. ಅವನು ಕುದುರೆಯನ್ನು ಎತ್ತಿ, ರೋಗಿಗಳ ಬಾಯಿಗೆ ಹಿಡಿಯುವ ಇದೇ ಕನ್ನಡಿಯನ್ನು ಕೆಳಗೆ ಹಿಡಿದ. ಮದ್ದಿಗೆ ಬೆಂಕಿ ಹತ್ತಿಸುವ ಕೇಪು ಕೂರುವ ಚಿಕ್ಕ ಕೊಳವೆಯ ಮೇಲೆ, ಅಷ್ಟು ವರ್ಷಗಳಿಂದ ಅಂಟಿಕೊಂಡು, ಸಿಡಿದ ತಾಮ್ರದ ಕೇಪು ಕುಳಿತಿತ್ತು. ನಾಲ್ಕು ಕಡೆ ಬಿರಿದು, ಹೂವಿನ ಹಾಗೆ. ಕೊಳವೆಯ ರಂಧ್ರ ಕಿಟ್ಟದಿಂದ ಮುಚ್ಚಿಹೋಗಿತ್ತು. ಕುದುರೆ ಬಿತ್ತು, ಕೇಪು ಸಿಡಿಯಿತು, ಬೆಂಕಿ ಒಳಗೆ ಇಳಿಯಲಿಲ್ಲ, ಮದ್ದು ಕೂತಲ್ಲೇ ಕೂತಿತು. ಒಬ್ಬ ಮನುಷ್ಯ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಅವನ ಎಡಗೈಯ ಮೇಲೆ ಮಲಗಿತ್ತು. ಅವನಿಗೆ ಅದು ಗೊತ್ತಾಗಲಿಲ್ಲವೇ? ಗೊತ್ತಾಯಿತು. ಗೊತ್ತಾಗಿ, ಕೂಡಲೇ ಇನ್ನೊಂದು ಮಾತೂ ಗೊತ್ತಾಯಿತು: ಹಾಗಿದ್ದರೆ ಇದು ಯಾರನ್ನೂ ತಿನ್ನದ ಕೋವಿ, ಇನ್ನೊಂದು ಹಲ್ಲುಪುಡಿ ಕೋವಿ. ಬಾಗಿಲ ಚಿಲಕ ಹಾಕಿಕೊಂಡದ್ದು ಆಮೇಲೆ. ಎಣ್ಣೆ ಸುರಿದದ್ದು, ಹಲ್ಲಿನ ಕಡ್ಡಿಯಿಂದ ಕೇಪನ್ನು ಎಬ್ಬಿಸಿ ತೆಗೆದದ್ದು, ಗಜದ ತುದಿಗೆ ತಿರುಪು ಸಿಕ್ಕಿಸಿ ಒಳಗಿನದನ್ನು ಎಳೆದದ್ದು. ಅದು ಕರಿಯ ಮುದ್ದೆಯಾಗಿ ಬಂತು. ನೋಡದೆ, ಬೇಕೆಂದೇ ಬೇರೆ ಕಡೆ ನೋಡುತ್ತ, ಅಚ್ಚು ತೊಳೆಯುವ ತೊಟ್ಟಿಯಲ್ಲಿ ನಲ್ಲಿ ಪೂರ್ತಿ ಬಿಟ್ಟು ಕೊಚ್ಚಿ ಹಾಕಿದ. ಸುರಕ್ಷತೆಗೆ, ಎಂದು ತನಗೆ ಹೇಳಿಕೊಂಡ. ತುಂಬಿದ ಕೋವಿಯನ್ನು ಮನೆಯಲ್ಲಿಡಬಾರದು. ಅದು ನಿಜವೂ ಆಗಿತ್ತು. ಗುಂಡು ತೊಟ್ಟಿಯ ತೂತಿಗೆ ಸಿಕ್ಕಿ ಸ್ವಲ್ಪ ಹೊತ್ತು ಗಿರಗಿರ ಸುತ್ತಿದಾಗ ಬೆರಳಿಂದ ಎತ್ತಿ ಕಸದ ಡಬ್ಬಿಗೆ ಹಾಕಿದ್ದಕ್ಕೆ ಮಾತ್ರ ಯಾವ ಕಾರಣವೂ ಸಿಗಲಿಲ್ಲ.

ಅದು ಸುಳ್ಳಲ್ಲಮ್ಮ. ಅಷ್ಟೇ ಹೇಳಬೇಕಾಗಿದ್ದದ್ದು. ಮಾತು ನಾಲಿಗೆಯ ಮೇಲೆ ಬಂದು ಕುಳಿತಿತು. ಆದರೆ ಅದು ಆಚೆ ಬಿದ್ದ ಕೂಡಲೇ ಹಿಂದೆಯೇ ಬರಬೇಕಾದ ಪ್ರಶ್ನೆಯೂ ಕಾಣುತ್ತಿತ್ತು: ಮತ್ತೆ ಚೀಟಿಯ ಮೇಲೆ ಹಾಗೆ ಯಾಕೆ ಬರೆದಿರಿ? ಸಿಸ್ಟರ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಅವಳ ಅಪ್ಪನೂ ಆ ಗಿರಣಿಯಲ್ಲೇ ನೂಲಿನ ವಿಭಾಗದಲ್ಲಿದ್ದವನು. ಗ್ರಂಥಾಲಯದಲ್ಲಿ ಪ್ರದರ್ಶನ ಇನ್ನೂ ಮುಗಿದಿರಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ಎಷ್ಟು ಸುಲಭವಾದ ದಾರಿಯೆಂದರೆ ಅವನಿಗೆ ನಗು ಬರುವಂತಾಯಿತು. ಆಕೆ ಕೇಳುತ್ತಿರುವುದು ಸುಳ್ಳು. ಅವನು ಹೇಳಬೇಕಾಗಿರುವುದು ಸತ್ಯ. ಎರಡೂ ಒಂದೇ ಮಾತು. ಹೇಳಿದರೆ ಮುದುಕನಿಗೆ ಸಲ್ಲಬೇಕಾದ್ದು ಸಂದುಹೋಗುತ್ತದೆ, ಇವನದ್ದೇನೂ ಹೋಗುವುದಿಲ್ಲ.

‘ಆಗ್ಲಿ ಬಿಡಿ,’ ಎಂದ. ‘ಹೇಳೋಣ.’

ಆಕೆ ಕೈಗವಸು ಹಾಕಿದ್ದ ಅವನ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಮಾತಾಡಲು ಹೋದಳು, ಬಾಯ ಒಂದು ಬದಿ ಬರಲಿಲ್ಲ. ನಿಮ್ಮಂಥೋರು, ಎಂದೇನೋ ಕೇಳಿಸಿತು. ಸಿಸ್ಟರ್ ಏನಾಯಿತೋ ಎಂದು ಹತ್ತಿರ ಬಂದಾಗ ಅವನು ಬಾಯಿ ತೆರೆಯಿರಿ ಎಂದು ಗಟ್ಟಿಯಾಗಿ ಹೇಳಿ ದೀಪವನ್ನು ಕೆಳಗೆ ಎಳೆದ. ಹಲ್ಲು ಅಂದುಕೊಂಡದ್ದಕ್ಕಿಂತ ಸಲೀಸಾಗಿ, ಬೇರು ಮುರಿಯದೆ ಬಂತು. ಅರಳೆ ಕಚ್ಚಿಸಿ, ಊಟದ ಹೊತ್ತಿನ ತನಕ ಹಾಗೇ ಇರಲಿ ಎಂದ. ಕೈ ತೊಳೆಯುತ್ತ ಕನ್ನಡಿಯಲ್ಲಿ ಕಂಡ ಮುಖ ಉಪಕಾರ ಮಾಡಿದವನ ಮುಖದ ಹಾಗೆ ಪ್ರಸನ್ನವಾಗಿತ್ತು. ಅದನ್ನು ಕಂಡು, ಕನ್ನಡಿಗೆ ಬೆನ್ನು ಮಾಡಿ ನಿಂತು ಕೈ ಒರೆಸಿಕೊಂಡ.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಹೆಂಡತಿ ಫೋನ್ ಮಾಡಿ, ಊಟಕ್ಕೆ ಮನೆಗೋ ಇಲ್ಲ ಸವತಿಯರ ಜೊತೆಗೋ, ಎಂದು ಕೇಳಿದಳು. ಕೋವಿಗಳನ್ನು ಅವಳು ಕರೆಯುವುದೇ ಹಾಗೆ. ಒಬ್ಬಳಾಗಿದ್ದರೆ ಜಗಳವಾದರೂ ಆಡಬಹುದಿತ್ತು, ಇಷ್ಟು ಜನರನ್ನು ಕಟ್ಟಿಕೊಂಡರೆ ಏನು ಮಾಡಲಿ, ಎಂಬುದು ನೆಂಟರ ಮುಂದೆ ಅವಳ ಹಳೆಯ ಮಾತು. ಒಬ್ಬ ರೋಗಿಯ ಮನೆಗೆ ಹೋಗಬೇಕು ಎಂದ. ಹಲ್ಲಿನ ಡಾಕ್ಟರು ಮನೆಮನೆಗೆ ಹೋಗುವುದು ಯಾವಾಗಿನಿಂದ, ಎಂದಳು. ಮುದುಕರೊಬ್ಬರಿಗೆ ಒಂದು ಸಮಾಧಾನದ ಮಾತು ಹೇಳಬೇಕಾಗಿದೆ, ಎಂದು ಹಲ್ಲು ಕೀಳಿಸಿಕೊಂಡಾಕೆ ಕೇಳಿಕೊಂಡದ್ದನ್ನು ಚುಟುಕಾಗಿ ವಿವರಿಸಿದ; ಸುಳ್ಳು ಹೇಳಲು ಒಪ್ಪಿಕೊಂಡಿದ್ದೇನೆ ಎಂದೇ ಹೇಳಿದ. ‘ನೀವು ಒಳ್ಳೆಯವರು ಕಣ್ರೀ,’ ಎಂದಳು ಹೆಂಡತಿ. ಮದುವೆಯಾದಾಗಿನಿಂದ ತಮಾಷೆಯ ಲೇಪವಿಲ್ಲದೆ ಅವಳು ಅಂಥ ಮಾತು ಆಡಿದ್ದು ಅವನಿಗೆ ನೆನಪಿರಲಿಲ್ಲ. ಫೋನನ್ನು ಕಿವಿಯಿಂದ ತೆಗೆದರೂ ಕೈಯಲ್ಲೇ ಹಿಡಿದುಕೊಂಡು ನಿಂತ. ಈಗ ಇಬ್ಬರು ಹೆಂಗಸರು ಅವನನ್ನು ಒಳ್ಳೆಯವನೆಂದು ನಂಬಿದ್ದರು, ಅದೂ ಅವನು ಸುಳ್ಳು ಹೇಳುವವನೆಂಬ ಕಾರಣಕ್ಕೆ.

ಬೆಂಚಿನ ಮೇಲೆ ಕಾಯುತ್ತಿದ್ದ ಆಕೆ ಎದ್ದು ಮುಂದೆ ನಡೆದಳು, ಅವನು ಎರಡು ಹೆಜ್ಜೆ ಹಿಂದೆ. ಹಾರ್ಡ್‌ವೇರ್ ಅಂಗಡಿ, ಮುಚ್ಚಿದ ಸಿನಿಮಾ ಮಂದಿರ, ಗಿರಣಿಯ ಉದ್ದನೆಯ ಗೋಡೆ. ಗಿರಣಿ ಈಗ ಲಾರಿ ನಿಲ್ಲುವ ಜಾಗ. ಬಾಗಿಲಿದ್ದ ಕಡೆ ಆಕೆ ರಸ್ತೆಯ ಆ ಬದಿಗೆ ದಾಟಿದಳು, ದಾಟುತ್ತಿದ್ದೇನೆಂಬ ಗಮನವೂ ಇಲ್ಲದೆ, ಕಾಲಿಗೆ ಅಭ್ಯಾಸವಾಗಿತ್ತು. ಅವನೂ ದಾಟಿದ. ಈಗಲೂ ಹೊತ್ತು ಮೀರಿಲ್ಲ, ಇಲ್ಲೇ ನಿಲ್ಲಿಸಿ ಹೇಳಬಹುದು, ಎಂದುಕೊಂಡ. ಆದರೆ ಆಕೆಯ ಬಾಯಲ್ಲಿ ಅರಳೆ ಇತ್ತು, ಉತ್ತರ ಕೊಡಲಾಗದವರಿಗೆ ತಪ್ಪೊಪ್ಪಿಕೊಳ್ಳುವುದು ಸರಿಯಲ್ಲ. ಹೀಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೀ ಕೀ ಎಂದು ಅರಚುತ್ತಿತ್ತು.

ಓಣಿಯ ಕೊನೆಯ ಒಂದು ಕೋಣೆಯ ಮನೆ. ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಶಾಲೆಯ ಅಂಗಿಗಳು, ಕಿಟಕಿಯ ಪಕ್ಕ ಮಂಚ. ಮುದುಕ ದಿಂಬಿಗೊರಗಿ ಕುಳಿತಿದ್ದ. ದೊಡ್ಡ ಮೂಳೆಯ ಮನುಷ್ಯ, ಮಾಂಸವೆಲ್ಲ ಹೋಗಿ ಮೂಳೆ ಮಾತ್ರ ಕೆಲಸ ಬಿಡದೆ ಉಳಿದಂತಿತ್ತು. ಬಾಯಲ್ಲಿ ಕೆಳಗಡೆ ಒಂದು ಹಲ್ಲು, ಮೇಲೆ ಒಂದು, ಒಂದಕ್ಕೊಂದು ಸಿಗದಂತೆ. ಮಗಳು ಅರಳೆಯ ಸಂದಿಯಿಂದ, ಹಲ್ಲಿನ ಡಾಕ್ಟ್ರು ಅಪ್ಪಾ, ನಿನ್ನ ಕೋವಿ ಇವರ ಹತ್ರ ಇದೆ, ಎಂದಳು. ‘ನನ್ನದಲ್ಲ ಪುಟ್ಟೀ, ಗಿರಣೀದು,’ ಎಂದ ಮುದುಕ. ಕೂರಿ ಸ್ವಾಮಿ, ಎಂದು ಮಂಚದ ತುದಿ ತೋರಿಸಿದ.

ಅವನು ಕುಳಿತ. ನಾಲ್ಕು ಮಾತಲ್ಲಿ ಮುಗಿಸಿ ಏಳಬೇಕೆಂದಿದ್ದವನು, ಶುರುಮಾಡಿದ ಮೇಲೆ ನಿಲ್ಲಿಸಲಾರದೆ ಹೋದ. ಇಷ್ಟು ತಿಂಗಳು ಯಾರಿಗೂ ಹೇಳದಿದ್ದದ್ದನ್ನು ಹೇಳಲು ಅವನಿಗೆ ಅಪ್ಪಣೆ ಸಿಕ್ಕಿತ್ತು. ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು, ಎಣ್ಣೆಬಟ್ಟೆ, ಹೆಬ್ಬೆರಳ ಗುರುತು, ನಾಲ್ಕು ಬೆರಳು ಮೊದಲೇ ನಿಂತ ಕೋಲು. ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಬಿರಿದ ಕೇಪಿನ ಬಗ್ಗೆ ಹೇಳುವಾಗ ಬಲಗೈ ಬೆರಳುಗಳನ್ನು ಹೂವಿನಂತೆ ಅರಳಿಸಿ ತೋರಿಸಿದ. ಕಿಟ್ಟ ಕಟ್ಟಿದ ರಂಧ್ರ, ಕರಿಯ ಮುದ್ದೆ, ತೂತಿನ ಬಳಿ ಸುತ್ತಿದ ಗುಂಡು. ‘ನಾನು ಅದನ್ನ ಇಟ್ಕೋಬೇಕಾಗಿತ್ತು. ಚೆಲ್ಲಿಬಿಟ್ಟೆ. ಚೆಲ್ಲಬಾರದಾಗಿತ್ತು,’ ಎಂದು ಅರಳಿಸಿದ್ದ ಬೆರಳುಗಳನ್ನು ಮಡಚಿಕೊಂಡ. ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಮೆಚ್ಚುಗೆಯಿಂದ ನೋಡುತ್ತಿರುವುದು ಓರೆಗಣ್ಣಿಗೆ ಕಂಡಿತು. ಇಷ್ಟು ಚೆನ್ನಾಗಿ ಹೇಳುತ್ತಾರೆಂದು ಆಕೆ ಅಂದುಕೊಂಡಿರಲಿಲ್ಲ. ಮುದುಕ ಮಾತ್ರ ಮುಂದಕ್ಕೆ ಬಾಗಿದ್ದ. ಅವನ ಹೆಬ್ಬೆರಳು ಹೊದಿಕೆಯ ಮೇಲೆ, ಕುದುರೆಯನ್ನು ಹಿಂದಕ್ಕೆ ಎಳೆಯುವಂತೆ, ಒಮ್ಮೆ ಬಾಗಿ ನಿಂತಿತ್ತು. ಮುದುಕನ ಕಣ್ಣಲ್ಲಿ ಬಂದದ್ದನ್ನು ಇವನು ಬೆಳಕು ಎಂದುಕೊಂಡ. ನಂಬುತ್ತಿದ್ದಾನೆ, ಎಂದುಕೊಂಡ.

‘ಮದ್ದಿನ ಮೇಲೆ ಒತ್ತು ಕೊಟ್ಟಿರ್ತೀನಿ,’ ಎಂದ ಮುದುಕ ಮೆಲ್ಲಗೆ. ‘ಮದ್ದು ಉದುರಬಾರದಲ್ಲ, ಅದಕ್ಕೆ ಏನಾದ್ರೂ ತುರುಕ್ತೀವಿ. ನೀವು ಎಳೆದಾಗ ಮೊದಲು ಅದೇ ಬಂದಿರ್ಬೇಕು. ಏನಿತ್ತು ಸ್ವಾಮಿ ಅದು?’

ಕರಿಯ ಮುದ್ದೆ. ನಲ್ಲಿಯ ನೀರು. ಆಗ ಅವನು ಬೇರೆ ಕಡೆ ನೋಡುತ್ತಿದ್ದ, ಗೋಡೆಯ ಮೇಲಿನ ಕ್ಯಾಲೆಂಡರು, ಅದರಲ್ಲಿ ಹಲ್ಲುಜ್ಜುತ್ತಿರುವ ಮಗುವಿನ ಚಿತ್ರ. ಮುದ್ದೆ ಕೈಯಲ್ಲಿ ಮೆತ್ತಗೆ ಬಿಚ್ಚಿಕೊಂಡ ನೆನಪಿತ್ತು, ಎಳೆ ಎಳೆಯಾಗಿ. ಹಳೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಯಾವುದೆಂದು ಯೋಚಿಸಿದ.

‘ಬಟ್ಟೆ,’ ಎಂದ.

ಮುದುಕನ ಬಾಗಿದ್ದ ಹೆಬ್ಬೆರಳು ಸಡಿಲವಾಗಿ ಹೊದಿಕೆಯ ಮೇಲೆ ಮಲಗಿತು. ಮತ್ತೆ ದಿಂಬಿಗೆ ಒರಗಿದ. ಗೋಣಿ ಗಿರಣಿಯಲ್ಲಿ ಬಟ್ಟೆ ಯಾರು ಹರೀತಾರೆ ಸ್ವಾಮಿ, ಎಂದ, ಚುಚ್ಚುವ ದನಿಯಲ್ಲಲ್ಲ, ತಿಳಿಯದವರಿಗೆ ತಿಳಿಸುವಂತೆ. ಕಾಲಡಿಯಲ್ಲೆಲ್ಲ ನಾರು ಬಿದ್ದಿರುತ್ತದೆ. ಬಗ್ಗಿ ಒಂದು ಹಿಡಿ ತೆಗೆದು ಉಂಡೆ ಮಾಡಿ ತುರುಕುವುದು.

‘ನಾರೇ,’ ಎಂದ ಇವನು. ‘ಹೌದು, ನಾರೇ ಇತ್ತು. ಎಣ್ಣೆ ಹಿಡಿದು ಕಪ್ಪಾಗಿತ್ತು, ಬಟ್ಟೆ ಅನ್ನಿಸ್ತು. ಈಗ ನೆನಪಾಯ್ತು.’ ನೆನಪಾಗಿರಲಿಲ್ಲ. ಆ ಮನೆಯೊಳಗೆ ಕಾಲಿಟ್ಟ ಮೇಲೆ ಅವನು ಆಡಿದ ಸುಳ್ಳು ಅದೊಂದೇ. ಅದನ್ನು ಆಡುತ್ತಿರುವಾಗಲೇ ಮೂವರಲ್ಲಿ ಯಾರೂ ಅದನ್ನು ನಂಬುತ್ತಿಲ್ಲವೆಂಬುದು ಗೊತ್ತಾಯಿತು.

ಮುದುಕ ಕೈ ಚಾಚಿ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದ.

‘ಹೋದ ತಿಂಗಳು ಒಬ್ಬರು ಮೇಷ್ಟ್ರು ಬಂದಿದ್ರು. ಪುಟ್ಟೀನೇ ಕರ್ಕೊಂಡು ಬಂದಿದ್ಲು. ಅವತ್ತು ಒಂದೇ ಗುಂಡಿನ ಸದ್ದು ಕೇಳಿಸ್ತು, ಅದೂ ಆ ಇನ್ನೊಬ್ಬ ಕಾವಲುಗಾರ ನಿಂತಿದ್ದ ಬದಿಯಿಂದ, ಅಂದ್ರು. ಪಾಪ, ಬಾಯಿಪಾಠ ಒಪ್ಪಿಸಿದ ಹಾಗೆ ಅಂದ್ರು. ನೀವು ಅವರಿಗಿಂತ ಚೆನ್ನಾಗಿ ಹೇಳಿದ್ರಿ. ಕೇಪು ಹೂವಿನ ಹಾಗೆ ಬಿರಿದಿತ್ತು ಅಂದ್ರಲ್ಲ, ಅದು ನಂಗೆ ಹಿಡಿಸ್ತು.’ ಮಗಳ ಕಡೆ ತಿರುಗಿ, ‘ಬಿಸಿಲಲ್ಲಿ ಬಂದಿದ್ದಾರೆ, ಕುಡಿಯೋಕೆ ಏನಾದ್ರೂ ಕೊಡು ಪುಟ್ಟೀ,’ ಎಂದ.

ಏನೂ ಬೇಡವೆಂದು ಅವನು ಎದ್ದ. ನಿಂತುಕೊಂಡೇ ಇನ್ನೊಮ್ಮೆ, ನಾನು ಹೇಳಿದ್ದು ನಿಜ, ಎಂದ. ಹೌದು ಸ್ವಾಮಿ, ಹೌದು, ಎಂದ ಮುದುಕ ಉಪಚಾರದಿಂದ. ಕಿಟಕಿಯ ಆಚೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಮುದುಕ ಕತ್ತು ಚಾಚಿ ಆ ಕಡೆ ನೋಡತೊಡಗಿದ, ಕರೆಯಲೋ ಬೇಡವೋ ಎಂಬಂತೆ, ಅತಿಥಿ ಹೋಗುವುದನ್ನು ಕಾಯುತ್ತ.

ಓಣಿಯ ತಿರುವಿನ ತನಕ ಆಕೆ ಜೊತೆಗೆ ಬಂದಳು. ಅಪ್ಪ ಹಾಗೆ ಅಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಊಟದ ಹೊತ್ತು ಹಾಳಾಯಿತು, ನಿಮ್ಮಂಥವರ ಬಾಯಲ್ಲಿ ಸುಳ್ಳು ಹೇಳಿಸಿದೆ, ಎಂದೆಲ್ಲ ಅರಳೆಯ ನಡುವೆ ತೊದಲಿದಳು. ಅವನು ನಿಂತ. ನೀರಿನ ಕೊಳಾಯಿಯ ಕಟ್ಟೆಗೆ ಕೈ ಊರಿದ. ಚೀಟಿಯ ಬಗ್ಗೆ, ಕರ್ನಲ್ ಬಗ್ಗೆ, ಎಲ್ಲವನ್ನೂ ಹೇಳಬೇಕಾಗಿತ್ತು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕೊನೆಯಿಂದ ಶುರುಮಾಡಿದ.

‘ನಾರು ಅಂದದ್ದೊಂದು ಬಿಟ್ಟು ಉಳಿದದ್ದೆಲ್ಲ ನಿಜಾನೇ ಕಣಮ್ಮ. ಕೋವಿ ಸಿಡಿದಿರ್ಲಿಲ್ಲ. ಒಳಗೆ ಮದ್ದು ಹಾಗೇ ಇತ್ತು. ನಾನೇ ತೆಗೆದು ಚೆಲ್ಲಿದ್ದು. ನಿಮ್ಮಪ್ಪ ಯಾರನ್ನೂ ಕೊಂದಿಲ್ಲ.’

ಆಕೆ ಅವನ ಮುಖವನ್ನು ನೋಡಿದಳು. ಮರಗಟ್ಟಿದ ಬದಿ ಅಲುಗಲಿಲ್ಲ, ಇನ್ನೊಂದು ಬದಿಯ ತುಟಿ ಮಾತ್ರ ತುಸು ಮೇಲೆ ಸರಿಯಿತು. ಆಮೇಲೆ ಅಂಗೈಯಿಂದ ಕೆನ್ನೆಯನ್ನು ಒತ್ತಿಹಿಡಿದು, ಪ್ರತಿ ಅಕ್ಷರವನ್ನೂ ಬಿಡಿಸಿ, ಅಕ್ಕರೆಯಿಂದಲೇ ಹೇಳಿದಳು.

‘ಸಾಕು ಬಿಡಿ ಡಾಕ್ಟ್ರೇ. ಇಲ್ಲೀವರೆಗೆ ಅವರಿಗೆ ಕೇಳಿಸಲ್ಲ.’